ರಬ್ಬರ್ ಕೊಳವೆಯ ಮೇಲೆ ಹಾದವರು

"ಇನ್ನೊಂಚೂರು ಈಚೆಗೆ ಬನ್ನಿ ಮಾಮ. ಮಂಡಿ ಊರಿ ಕೂತ್ಕೊಳ್ಳಿ."

"ಊರ್ತೀನಮ್ಮ. ಊರೋದು ನನ್ನ ಕೆಲಸ, ಆಮೇಲೆ ಎತ್ತೋದು ನಿಮ್ಮ ಜವಾಬ್ದಾರಿ."

ಹೆಡ್ ಕಾನ್‌ಸ್ಟೇಬಲ್ ಒಂದು ಕೈಯನ್ನು ಡಾಂಬರಿಗೆ ಊರಿ, ಇನ್ನೊಂದರಿಂದ ಸೊಂಟ ಹಿಡಿದುಕೊಂಡು, ರಸ್ತೆಯ ಅಂಚಿನಲ್ಲಿ ಕುಳಿತರು. ನಿವೃತ್ತಿಗೆ ಹತ್ತಿರವಾದ ಆ ಮನುಷ್ಯ ಠಾಣೆಯ ಎಲ್ಲರಿಗೂ ಮಾಮನೇ, ಕಳ್ಳರಿಗೂ ಮಾಮನೇ.

ಇನ್ಸ್‌ಪೆಕ್ಟರ್ ಅವರ ಎದುರು ಕುಕ್ಕರಗಾಲಿನಲ್ಲಿ ಕುಳಿತು ನೆಲವನ್ನು ನೋಡುತ್ತಿದ್ದಳು. ಈ ತಿರುವಿನಲ್ಲೇ, ವಾಹನಗಳನ್ನು ಎಣಿಸುತ್ತಿದ್ದ ಅವಳ ಒಬ್ಬನೇ ತಮ್ಮ ಸತ್ತುಬಿದ್ದಿದ್ದ. ಗುಡ್ಡದ ಮೇಲೆ ಹಿರಿಯ ನಾಗರಿಕರಿಗಾಗಿ ಮನೆಗಳನ್ನು ಕಟ್ಟಲು ಹೊರಟ ಕಂಪನಿಯ ಲಾರಿ ಚಾಲಕ ಲಾಕಪ್ಪಿನಲ್ಲಿದ್ದ. ಇಂದು ಮಧ್ಯಾಹ್ನ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು.

ಸತ್ತವನು ಒಡಹುಟ್ಟಿದವನಾದ್ದರಿಂದ ತನಿಖೆಯನ್ನು ಪಕ್ಕದ ಠಾಣೆಗೆ ಕೊಟ್ಟು, ಅವಳನ್ನು ರಜೆಯ ಮೇಲೆ ಕಳುಹಿಸಿದ್ದರು. ಬೆಳಿಗ್ಗೆ ಆ ಠಾಣೆಗೆ ಹೋದಾಗ ಚಾಲಕನ ಹೆಂಡತಿ ಬೆಂಚಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಒಗೆದು ಇಸ್ತ್ರಿ ಮಾಡಿದ ಒಂದು ಅಂಗಿ. ನ್ಯಾಯಾಲಯಕ್ಕೆ ಹೋಗುವಾಗ ಗಂಡ ಕೊಳಕು ಅಂಗಿಯಲ್ಲಿ ಕಾಣಬಾರದು ಎಂದು ತಂದಿದ್ದಳು. "ಅವರು ಇರುವೆ ಕಂಡ್ರೂ ಬ್ರೇಕ್ ಹಾಕೋರು ಮೇಡಂ" ಎಂದಿದ್ದಳು. ಇನ್ಸ್‌ಪೆಕ್ಟರ್ ತಲೆಯಾಡಿಸಿದ್ದಳು. ಆ ಹೆಂಗಸಿನ ಮೇಲೆ ಕನಿಕರ ಹುಟ್ಟಬೇಕಾಗಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಹುಟ್ಟಲಿಲ್ಲ. ತಮ್ಮನ ಸುದ್ದಿ ಕೇಳಿದ ದಿನದಿಂದ ಅವಳ ಒಳಗೆ ಯಾವುದೂ ಹುಟ್ಟುತ್ತಿರಲಿಲ್ಲ. ಹಲ್ಲು ಕೀಳುವ ಮುನ್ನ ಮರಗಟ್ಟಿಸಿದ ವಸಡಿನಂತೆ, ಮುಟ್ಟಿದರೆ ಮುಟ್ಟಿದ್ದು ಮಾತ್ರ ತಿಳಿಯುತ್ತಿತ್ತು.

"ಈ ಮೊಳೆ ನೋಡಿ ಮಾಮ."

ರಸ್ತೆಗೆ ಅಡ್ಡಲಾಗಿ ಹಾಸಿದ್ದ, ಹೆಬ್ಬೆರಳಿನಷ್ಟು ದಪ್ಪದ ರಬ್ಬರ್ ಕೊಳವೆಯನ್ನು ಪೊಲೀಸರು ಅಂದೇ ಕಿತ್ತುಕೊಂಡು ಹೋಗಿದ್ದರು. ತಮ್ಮನ ಎಣಿಕೆಯ ಉಪಾಯ ಸರಳವಾದದ್ದು: ಚಕ್ರ ಹಾದಾಗ ಕೊಳವೆ ಅದುಮುತ್ತದೆ, ಒಳಗಿನ ಗಾಳಿ ರಸ್ತೆ ಬದಿಯ ಪೆಟ್ಟಿಗೆಗೆ ತಾಗುತ್ತದೆ, ಪೆಟ್ಟಿಗೆ ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಹಾದದ್ದು ಯಾರು, ಯಾಕೆ ಎಂಬುದು ಅದಕ್ಕೆ ಬೇಕಿಲ್ಲ. ಕೊಳವೆ ಹೋಗಿದ್ದರೂ, ಸಡಿಲವಾಗಿದ್ದ ಅದನ್ನು ಮತ್ತೆ ಬಿಗಿಯಲು ಅವನು ಆ ಸಂಜೆ ಹೊಡೆದ ಮೊಳೆಗಳಲ್ಲಿ ಒಂದು ಉಳಿದುಕೊಂಡಿತ್ತು. ಅರ್ಧ ಮಾತ್ರ ಇಳಿದ ಮೊಳೆ. ಅದು ನೆಟ್ಟಗೆ ನಿಂತಿರಲಿಲ್ಲ. ಇಳಿಜಾರಿನ ಕಡೆಗೆ ವಾಲಿತ್ತು.

"ಅರ್ಧ ಹೊಡೆದಿದ್ದಾನೆ. ಅಷ್ಟರಲ್ಲಿ…" ಎಂದು ಮಾಮ ಮಾತನ್ನು ನುಂಗಿದರು.

"ಮೊಳೆ ಹಿಡ್ಕೊಂಡು ಹೊಡೆಯೋವಾಗ ಅದು ಯಾವ ಕಡೆ ವಾಲುತ್ತೆ?"

ಮಾಮ ಗಾಳಿಯಲ್ಲೇ ಒಂದು ಮೊಳೆ ಹಿಡಿದು, ಗಾಳಿಯಲ್ಲೇ ಸುತ್ತಿಗೆ ಎತ್ತಿದರು. ಆಮೇಲೆ ತಮ್ಮ ಬೆರಳನ್ನೇ ನೋಡಿಕೊಂಡರು. "ನಮ್ಮ ಕಡೆಗೇ. ಮನೇಲಿ ಕ್ಯಾಲೆಂಡರ್ ಮೊಳೆ ಹೊಡೆದಾಗೆಲ್ಲ ನಿಮ್ಮತ್ತೆ ಬೈಯೋದು ಅದಕ್ಕೇ ಅಲ್ವಾ."

"ಹಾಗಾದ್ರೆ ಅವನು ಈಗ ನೀವು ಕೂತಿರೋ ಜಾಗದಲ್ಲೇ ಕೂತಿದ್ದ. ಮುಖ ತಿರುವಿನ ಕಡೆಗೆ. ಬೆನ್ನು ಇಳಿಜಾರಿಗೆ."

"ಸರಿಯಾಗೇ ಇದೆಯಲ್ಲಮ್ಮ. ರಸ್ತೆ ಕೆಲಸ ಮಾಡೋನು ಬರೋ ಗಾಡಿಗೆ ಬೆನ್ನು ಕೊಡ್ತಾನಾ?"

"ಲಾರಿ ಎಲ್ಲಿಂದ ಬಂತು ಅಂದ್ರು?"

"ಮೇಲಿಂದ. ತಿರುವು ದಾಟ್ಕೊಂಡು."

"ಪೆಟ್ಟು ಬಿದ್ದಿದ್ದು?"

ಶವಪರೀಕ್ಷೆ ಮಾಡಿದ ವೈದ್ಯ ಹೇಳಿದ್ದು ಇಬ್ಬರಿಗೂ ಬಾಯಿಪಾಠವಾಗಿತ್ತು. ಪೆಟ್ಟು ಬೆನ್ನಿನ ಕಡೆಯಿಂದ.

ತಿರುವಿನಿಂದ ಇಳಿದ ಲಾರಿ ಎದೆಗೆ ಬಡಿಯಬೇಕು. ಬೆನ್ನಿಗೆ ಬಡಿಯಲಾರದು. ಬೆನ್ನಿಗೆ ಬಡಿದದ್ದು ಕೆಳಗಿನಿಂದ ಬಂದ ವಾಹನ. ಆದರೆ ಕೆಳಗಿನಿಂದ ಏರುವ ವಾಹನಗಳು ರಸ್ತೆಯ ಆಚೆ ಬದಿಯವು. ಈ ಬದಿಯಲ್ಲಿ ಅಡ್ಡಬಂದವನು ಯಾರೇ ಆಗಲಿ, ಮುಂದೆ ನೋಡಿಕೊಂಡು ಬಂದಿದ್ದರೆ ಕಿತ್ತಳೆ ಜಾಕೆಟ್ಟಿನ ಮನುಷ್ಯ ಕಾಣದೆ ಇರುತ್ತಿರಲಿಲ್ಲ.

"ಅವನನ್ನ ದಾಟಿ ಹೋದ ಗಾಡಿ ಮಾಮ," ಎಂದಳು ಇನ್ಸ್‌ಪೆಕ್ಟರ್. "ದಾಟಿ ಹೋಯ್ತಲ್ಲ ಅಂತ ಅವನು ಅದನ್ನ ಮರೆತ. ಅದು ರಿವರ್ಸಲ್ಲಿ ವಾಪಸ್ ಬಂತು."

"ಇಂಥ ತಿರುವಲ್ಲಿ ರಿವರ್ಸಾ? ಯಾವ ತಲೆಕೆಟ್ಟೋನು?"

"ಕೊಳವೆ ಮೇಲೆ ಇನ್ನೊಂದ್ಸಲ ಹಾಯಬೇಕಾಗಿದ್ದೋನು."

ಮಾಮ ಬಾಯಿ ತೆರೆದರು. ಆಮೇಲೆ ರಸ್ತೆಯಾಚೆಯ ಬ್ಯಾನರಿನತ್ತ ನೋಡಿದರು. 'ನಮ್ಮ ರಸ್ತೆ ತಾಳದು, ಮುನ್ನೂರು ಮನೆಗಳು ಬೇಡ' ಎಂಬ ಹಳೆಯ ಬ್ಯಾನರಿನ ಪಕ್ಕದಲ್ಲಿ ಹೊಸದೊಂದು ತೂಗುತ್ತಿತ್ತು. ಅದರಲ್ಲಿ ತಮ್ಮನ ಗುರುತಿನ ಚೀಟಿಯ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ, ಕೆಳಗೆ 'ಮೊದಲ ಬಲಿ' ಎಂದು ಅಚ್ಚು ಹಾಕಿಸಿದ್ದರು. ಹಿಗ್ಗಿಸುವಾಗ ಎಡಗಿವಿ ಚೌಕಟ್ಟಿನ ಹೊರಗೆ ಉಳಿದುಹೋಗಿತ್ತು.

"ಎಲ್ಲಾ ಕಾರುಗಳನ್ನೂ ನೋಡಿದ್ದಾರಮ್ಮ ಆ ಠಾಣೆಯೋರು," ಎಂದರು ಮಾಮ ಮೆಲ್ಲಗೆ. "ಬೀದಿಯ ಒಂದೊಂದು ಕಾರಿನ ಬಂಪರನ್ನೂ."

"ಮುಂದಿನ ಬಂಪರನ್ನು."

ಮಾಮ ಎದ್ದು ನಿಲ್ಲಲು ಕೈ ಚಾಚಿದರು.

ಹತ್ತಿರದಲ್ಲೇ ಮಾಮನ ಹಳೆಯ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ನಾದಿನಿ, ತಮ್ಮನ ಹೆಂಡತಿ, ಕಿಟಕಿಗೆ ಹಣೆ ಆನಿಸಿ ಕುಳಿತಿದ್ದಳು. ಆಸ್ಪತ್ರೆಯಲ್ಲಿ ಕೈಕಾಲು ನೋವಿನವರಿಗೆ ವ್ಯಾಯಾಮ ಮಾಡಿಸುವ ಕೆಲಸ ಅವಳದು. ಘಟನೆಯ ಸಂಜೆಯೂ ಅಲ್ಲೇ ಇದ್ದೆ ಎಂದು ಹೇಳಿದ್ದಳು. ಈಗ ಅವಳೂ ರಜೆಯಲ್ಲಿದ್ದಳು. ಖಾಲಿ ಮನೆಯಲ್ಲಿ ಒಬ್ಬಳೇ ಇರಲಾರೆ ಎಂದು ಬೆಳಿಗ್ಗೆ ಇವರ ಜೊತೆ ಹೊರಟುಬಂದಿದ್ದಳು.

"ಏನಾದ್ರೂ ಸಿಕ್ತಾ ಅತ್ತಿಗೆ?"

"ಗೊತ್ತಿಲ್ಲ. ನೀರು ಕುಡಿದ್ಯಾ?"

"ಹೂಂ."

ಬಾಟಲಿ ಮುಟ್ಟಿದಂತಿರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದಳು. ಕಳೆದ ಕೆಲವು ದಿನಗಳಿಂದ ಇಬ್ಬರೂ ಒಬ್ಬರಿಗೊಬ್ಬರು ಇಂಥ ಸಣ್ಣ ಸುಳ್ಳುಗಳನ್ನು ಹೇಳಿಕೊಂಡೇ ಹೊತ್ತು ನೂಕುತ್ತಿದ್ದರು.

* * *

ರಸ್ತೆ ಉಳಿಸುವ ಸಮಿತಿಯ ಅಧ್ಯಕ್ಷ ವೃತ್ತಿಯಿಂದ ದಂತವೈದ್ಯ. ಮನೆಯ ಮುಂದಿನ ಕೋಣೆಯೇ ಅವನ ಕ್ಲಿನಿಕ್. ಇನ್ಸ್‌ಪೆಕ್ಟರ್ ಒಳಗೆ ಹೋದಾಗ ಕುರ್ಚಿಯಲ್ಲಿ ಒಬ್ಬ ದಪ್ಪ ಮನುಷ್ಯ ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಮಲಗಿದ್ದ. ಮಾಮ ಬಾಗಿಲ ಬಳಿಯೇ ನಿಂತರು. ಆ ಕುರ್ಚಿಯನ್ನು ಕಂಡರೆ ಅವರಿಗೆ ಲಾಕಪ್ಪಿಗಿಂತ ಹೆಚ್ಚು ಭಯ.

"ನಿಮ್ಮ ದುಃಖದಲ್ಲಿ ಇಡೀ ಬೀದಿ ನಿಮ್ಮ ಜೊತೆಗಿದೆ ಮೇಡಂ," ಎಂದ ಡಾಕ್ಟರ್. "ಆದ್ರೆ ನೀವು ರಜೆಯಲ್ಲಿದ್ದೀರಿ ಅಂತ ಕೇಳಿದ್ದೆ."

"ಹೌದು. ಹಲ್ಲು ನೋವು."

"ಯಾವ ಹಲ್ಲು?"

"ನಿಮ್ಮ ಸಮಿತಿಯೋರು ದಿನಾ ಸಂಜೆ ಕಾರು ತಗೊಂಡು ಎಲ್ಲಿಗೆ ಹೋಗ್ತಿದ್ರು ಡಾಕ್ಟ್ರೇ?"

ಕುರ್ಚಿಯಲ್ಲಿದ್ದವನ ಕಣ್ಣುಗಳು ಗುಡ್ಡೆ ಹೊರಬರುವಷ್ಟು ಅಗಲವಾದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈ ರೋಗಿಯ ಕೈಗಳು ಹೊದಿಕೆಯೊಳಗೆ ಸಿಕ್ಕಿಕೊಂಡಿದ್ದರಿಂದ ಕಣ್ಣಲ್ಲೇ ಹೆಗಲು ಮುಟ್ಟಿಕೊಂಡ. ಡಾಕ್ಟರ್ ಅವನ ಬಾಯಿಯ ಹತ್ತಿಯನ್ನು ತೆಗೆದು, "ನಾಳೆ ಬನ್ನಿ" ಎಂದ. ಅವನು ಎದ್ದವನೇ, ಕತ್ತಿನ ಪ್ಲಾಸ್ಟಿಕ್ ಹೊದಿಕೆಯ ಸಮೇತ ಹೊರಗೆ ಹೋದ.

"ಇವರೂ ಸುತ್ತು ಹಾಕ್ತಿದ್ರು ಅನ್ಸುತ್ತೆ," ಎಂದರು ಮಾಮ.

ಡಾಕ್ಟರ್ ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚಿದ. "ಸುತ್ತು ಹಾಕೋದು ಅಪರಾಧ ಏನಲ್ಲ. ನಮ್ಮ ರಸ್ತೆ, ನಮ್ಮ ಪೆಟ್ರೋಲು. ರಸ್ತೆ ಈಗಲೇ ತುಂಬಿ ತುಳುಕ್ತಿದೆ ಅಂತ ಎಣಿಕೆಯಲ್ಲಿ ಬಂದ್ರೆ, ಆ ಮನೆಗಳಿಗೆ ಒಪ್ಪಿಗೆ ಕೊಡಲ್ಲ ಅಂದ್ಕೊಂಡ್ವಿ. ಅದಕ್ಕೇ ಒಬ್ಬೊಬ್ಬರೂ ಸಂಜೆ ನಾಲ್ಕಾರು ಸಲ ಆ ಕೊಳವೆ ಮೇಲೆ ಹಾದ್ವಿ. ತಪ್ಪಾ?"

"ತಪ್ಪಲ್ಲ. ದಡ್ಡತನ."

"ಏನಂದ್ರಿ?"

"ಖಾಲಿ ಬಸ್ಸಿಗೆ ಹತ್ತು ಜನ ಹತ್ತಿದ್ರೆ ಎದ್ದು ಕಾಣುತ್ತೆ. ತುಂಬಿದ ಬಸ್ಸಿಗೆ ಹತ್ತಿದ್ರೆ ಯಾರಿಗೆ ಗೊತ್ತಾಗುತ್ತೆ? ಈಗಲೇ ಇಷ್ಟು ಓಡಾಟ ಇದೆ, ವಯಸ್ಸಾದೋರು ನಾಲ್ಕು ಕಾರು ತಂದ್ರೆ ಏನು ಮಹಾ ವ್ಯತ್ಯಾಸ ಅಂತ ಕಂಪನಿಯೋರು ವಾದ ಮಾಡ್ತಾರೆ. ಆ ವಾದವನ್ನ ನೀವೇ ಪೆಟ್ರೋಲ್ ಸುಟ್ಟು ಅವರ ಕೈಗೆ ಕೊಟ್ರಿ."

ಡಾಕ್ಟರ್ ರೋಗಿಯ ಕುರ್ಚಿಯಲ್ಲಿ ತಾನೇ ಕುಳಿತ. ಅವನ ಮುಖದಲ್ಲಿ ಕೂಡುವ, ಕಳೆಯುವ ಲೆಕ್ಕಾಚಾರ ಮಾತ್ರ ನಡೆಯುತ್ತಿರುವಂತಿತ್ತು.

"ಇದನ್ನ ಯಾರು ಹೇಳಿದ್ರು ನಿಮಗೆ?"

"ನನ್ನ ತಮ್ಮ. ಊಟಕ್ಕೆ ಕೂತಾಗ ಅವನಿಗೆ ಬೇರೆ ಮಾತೇ ಬರ್ತಿರಲಿಲ್ಲ."

ಇದನ್ನು ಹೇಳುವಾಗ ಧ್ವನಿ ನಡುಗಬೇಕಿತ್ತು. ನಡುಗಲಿಲ್ಲ. ಇನ್ನೊಬ್ಬರ ಮನೆಯ ತಮ್ಮನ ಬಗ್ಗೆ ಹೇಳಿದಷ್ಟೇ ಸಮತಟ್ಟಾಗಿ ಮಾತು ಹೊರಬಂತು. ಅವಳು ಮುಂದುವರಿಸಿದಳು.

"ಪೂರ್ತಿ ಸುತ್ತು ಹಾಕೋಕೆ ಬೇಜಾರಾಗಿ ಯಾರೋ ಒಬ್ಬರು ದಾಟಿದ ಕೊಳವೆ ಮೇಲೆ ಹಿಂದಕ್ಕೆ ಬಂದಿದ್ದಾರೆ. ನಿಮ್ಮ ಕಾರು ತೋರಿಸ್ತೀರಾ?"

ಡಾಕ್ಟರ್ ಎದ್ದು ಕಿಟಕಿಯತ್ತ ಹೋದ. ಹೊರಗೆ ಗೇಟಿನಾಚೆ ಮಾಮನ ಕಾರು ನಿಂತಿತ್ತು. ಅವನು ಅದನ್ನು ನೋಡಿದ, ನೋಡುತ್ತಲೇ ನಿಂತ.

"ಕಾರಲ್ಲಿ ಕೂತಿರೋದು ಯಾರು?"

"ನಮ್ಮ ಮನೆಯವಳು."

"ಓ." ಅವನು ಪರದೆ ಎಳೆದ. "ಹಾಗಾದ್ರೆ ನಿಮಗೆ ಎಲ್ಲಾ ಗೊತ್ತಾಗಿದೆ. ಬನ್ನಿ, ಶೆಡ್ಡು ಹಿಂದುಗಡೆ ಇದೆ."

ಏನು ಗೊತ್ತಾಗಿದೆ ಎಂಬುದು ಇನ್ಸ್‌ಪೆಕ್ಟರಿಗೆ ಗೊತ್ತಾಗಲಿಲ್ಲ. ಆದರೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಹೊತ್ತು ಅದಲ್ಲ ಎಂಬುದು ಮಾತ್ರ ಅವಳ ವೃತ್ತಿ ಕಲಿಸಿದ ಪಾಠ. ಅವಳು ಬಾಯಿ ಮುಚ್ಚಿಕೊಂಡು ಹಿಂಬಾಲಿಸಿದಳು.

ಕಾರು ಶೆಡ್ಡಿನಲ್ಲಿ ಗೋಡೆಗೆ ಹಿಂಬದಿ ಆನಿಸಿ ನಿಂತಿತ್ತು. ಮಾಮ ಹೊಟ್ಟೆ ಒಳಕ್ಕೆಳೆದುಕೊಂಡು ಗೋಡೆ ಮತ್ತು ಕಾರಿನ ನಡುವೆ ತೂರಿ, ಟಾರ್ಚ್ ಹಚ್ಚಿದರು.

"ಬಂದು ನೋಡಿ ಮೇಡಂ. ಮೈಯೆಲ್ಲಾ ಧೂಳು. ಈ ಒಂದು ಮೂಲೆ ಮಾತ್ರ ಕನ್ನಡಿ."

ಬಂಪರಿನ ಎಡಮೂಲೆಯನ್ನು ಉಜ್ಜಿ ಉಜ್ಜಿ ತೊಳೆಯಲಾಗಿತ್ತು. ಕೊಳೆಯಲ್ಲಿ ಏನು ಉಳಿಯುತ್ತದೆ ಎಂದು ಬಲ್ಲವನೇ ಅಷ್ಟು ಶ್ರದ್ಧೆಯಿಂದ ತೊಳೆಯುತ್ತಾನೆ. ಹಲ್ಲಿನ ಡಾಕ್ಟರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತೊಳೆದರೂ ಬಿರುಕು ಹೋಗುವುದಿಲ್ಲ. ಕೂದಲೆಳೆಯಂಥ ಒಂದು ಸೀಳು ಬಂಪರಿನ ಅಂಚಿನಿಂದ ದೀಪದವರೆಗೆ ಏರಿತ್ತು.

ಇನ್ಸ್‌ಪೆಕ್ಟರ್ ಅದರ ಮೇಲೆ ಬೆರಳಿಟ್ಟಳು. ಪ್ಲಾಸ್ಟಿಕ್ ತಣ್ಣಗಿತ್ತು. ತನ್ನ ತಮ್ಮ ಕಟ್ಟಕಡೆಗೆ ಮುಟ್ಟಿದ ವಸ್ತು ಇದೇ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಇನ್ನೊಮ್ಮೆ ಹೇಳಿಕೊಂಡಳು. ಬೆರಳಿಗೆ ತಣ್ಣಗಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

"ನಾನೇ," ಎಂದ ಡಾಕ್ಟರ್. "ನಾನೇ ಓಡಿಸ್ತಿದ್ದೆ. ಬರ್ಕೊಳ್ಳಿ. ಆ ಲಾರಿಯೋನನ್ನ ಬಿಟ್ಬಿಡಿ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೆದರಿಕೆ."

"ಇವತ್ತು ಹೆದರಿಕೆ ಹೋಯ್ತಾ?"

ಅವನು ಮನೆಯ ಹಿಂಬಾಗಿಲಿನತ್ತ ನೋಡಿದ.

"ಒಂದು ಕೆಲಸ ಮಾಡಿ. ಕಾರಲ್ಲಿ ಕೂತು, ಅವತ್ತು ಹೇಗೆ ಹಿಂದಕ್ಕೆ ತಿರುಗಿ ನೋಡಿದ್ರಿ ಅಂತ ತೋರಿಸಿ."

ಡಾಕ್ಟರ್ ಎತ್ತರದ ಆಳು. ಬಾಗಿಲು ತೆರೆದು, ಒಂದು ಕಾಲು ಒಳಗಿಟ್ಟು, ಬಗ್ಗಿ ಕೂರಲು ಹೋದ. ಮಂಡಿ ಸ್ಟೀರಿಂಗಿಗೆ ಬಡಿಯಿತು. ಮತ್ತೆ ಪ್ರಯತ್ನಿಸಿದ, ಮತ್ತೆ ಬಡಿಯಿತು. ಸೀಟು ಎಷ್ಟು ಸಾಧ್ಯವೋ ಅಷ್ಟು ಮುಂದಕ್ಕೆ ಎಳೆದುಕೊಂಡಿತ್ತು. ಸೀಟಿನ ಮೇಲೆ, ಕುಳ್ಳಗಿರುವವರು ಹಾಕಿಕೊಳ್ಳುವಂಥ ದಪ್ಪನೆಯ ದಿಂಬು ಬೇರೆ. ಬಂಪರ್ ತೊಳೆದವನಿಗೆ ಆ ಸೀಟಿನಲ್ಲಿ ಕೂರುವ ಧೈರ್ಯ ಬಂದಿರಲಿಲ್ಲ. ಆದ್ದರಿಂದ ಅದನ್ನು ಸರಿಸುವ ಯೋಚನೆಯೂ ಬಂದಿರಲಿಲ್ಲ.

"ಡಾಕ್ಟ್ರೇ," ಎಂದರು ಮಾಮ, "ಈ ಸೀಟಲ್ಲಿ ನೀವು ಕಾರು ಓಡಿಸ್ಬೇಕಾದ್ರೆ ಕಾಲನ್ನ ಡಿಕ್ಕಿಯಲ್ಲಿ ಇಟ್ಟು ಬರ್ಬೇಕಾಗುತ್ತೆ."

"ಮಾಮ, ಸಾಕು."

"ಅವನನ್ನ ಯಾಕೆ ಹಿಂಸೆ ಮಾಡ್ತೀರಿ? ಅವನಿಗೆ ಚಿಕ್ಕಂದಿನಿಂದ್ಲೂ ಸುಳ್ಳು ಹೇಳೋಕೆ ಬರಲ್ಲ."

ಮನೆಯ ಹಿಂಬಾಗಿಲಲ್ಲಿ ಒಬ್ಬ ಪುಟ್ಟ ಮುದುಕಿ ನಿಂತಿದ್ದಳು. ಕುತ್ತಿಗೆಗೆ ದಪ್ಪನೆಯ ಪಟ್ಟಿ. ಆದ್ದರಿಂದ ಯಾರನ್ನು ನೋಡಬೇಕಾದರೂ ಇಡೀ ದೇಹವನ್ನೇ ತಿರುಗಿಸುತ್ತಿದ್ದಳು.

"ಅಮ್ಮಾ, ಒಳಗೆ ಹೋಗು!"

"ಹೋಗಲ್ಲ. ಒಳಗೆ ಹೋಗಿ ಹೋಗಿ ಸಾಕಾಗಿದೆ. ಕಾರು ಓಡಿಸಿದ್ದು ನಾನಮ್ಮ. ಲೈಸೆನ್ಸು ಇವನ ಬೀರುವಲ್ಲಿದೆ, ಕೀಲಿ ಎಲ್ಲಿದೆ ಅಂತ ನನಗೆ ಗೊತ್ತು. ಕಟ್ಟೆಗೋ ಕಲ್ಲಿಗೋ ತಾಗಿಸಿದ್ದಕ್ಕೆ ಪೊಲೀಸರು ಬರ್ತಾರಾ? ದಂಡ ಎಷ್ಟು ಹೇಳಿ, ಕಟ್ತೀನಿ."

ಡಾಕ್ಟರ್ ಕಾರಿನ ಬಾಗಿಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಮುದುಕಿಗೆ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ.

"ಅಜ್ಜಿ," ಎಂದಳು ಇನ್ಸ್‌ಪೆಕ್ಟರ್, "ನೀವೂ ಆ ಮನೆಗಳು ಬೇಡ ಅಂತಾನೇ ಸುತ್ತು ಹಾಕ್ತಿದ್ರಾ?"

"ಬೇಡ ಅಂತಾನಾ? ಸರಿ ಹೋಯ್ತು! ಅಲ್ಲೊಂದು ಕೋಣೆಗೆ ನನ್ನ ಹೆಸರು ಬರೆಸಿಟ್ಟಿದ್ದೀನಿ. ಬೆಳಿಗ್ಗೆಯಿಂದ ಸಂಜೆತನಕ ಊರ ಜನರ ಹಲ್ಲು ಕೊರೆಯೋ ಸದ್ದು ಕೇಳ್ಕೊಂಡು ಎಷ್ಟು ದಿನ ಇರ್ಲಿ? ಅಲ್ಲಿ ಮಾತಾಡೋಕೆ ನನ್ನ ವಯಸ್ಸಿನೋರು ಸಿಗ್ತಾರೆ. ಎಣಿಕೆ ಜಾಸ್ತಿಯಾದ್ರೆ ಒಪ್ಪಿಗೆ ಬೇಗ ಸಿಗುತ್ತೆ ಅಂತ ಗೊತ್ತಾಯ್ತು. ಇವನು ಕ್ಲಿನಿಕ್ಕಲ್ಲಿ ಇರೋವಾಗ ನಾನೂ ಹಾಯಿಸಿದೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಮಗ ಮನೆಗಳು ಬೇಡವೆಂದು, ತಾಯಿ ಬೇಕೆಂದು, ಒಂದೇ ಕಾರನ್ನು ಒಂದೇ ಕೊಳವೆಯ ಮೇಲೆ ಹಾಯಿಸಿದ್ದರು. ಪೆಟ್ಟಿಗೆ ಇಬ್ಬರನ್ನೂ ಒಂದೇ ಬಗೆಯಲ್ಲಿ ಎಣಿಸಿತ್ತು. ಸರಿಯಾದ ಲೆಕ್ಕ ತಾಯಿಯದಾಗಿತ್ತು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಆ ವಾದವನ್ನು ತಮ್ಮ ಹೇಳುತ್ತಿದ್ದದ್ದು ಊಟದ ಮೇಜಿನಲ್ಲಿ. ಮೇಜಿನ ಸುತ್ತ ಕೂರುತ್ತಿದ್ದವರು ಮೂವರೇ.

"ಹಾಗಂತ ನಿಮಗೆ ಹೇಳಿದ್ದು ಯಾರು ಅಜ್ಜಿ?"

"ಅದೇ ಆ ಹುಡುಗಿ. ಕತ್ತು ನೀವೋಕೆ ಮನೆಗೇ ಬರ್ತಾಳಲ್ಲ. ಆಸ್ಪತ್ರೆಗೆ ಗೊತ್ತಾದ್ರೆ ಬೈತಾರೆ, ಯಾರಿಗೂ ಹೇಳ್ಬೇಡಿ ಅಂದಿದ್ಲು. ನನ್ನ ಕತ್ತು ತಿರುಗಲ್ಲ ನೋಡಿ; ಹಿಂದೆ ಯಾರಿದ್ದಾರೆ ಅಂತ ನೋಡಿ ಹೇಳೋಕೆ ಅವಳೇ ಪಕ್ಕದಲ್ಲಿ ಕೂರ್ತಿದ್ಲು. ಅವತ್ತೂ ಅಷ್ಟೇ. 'ಯಾರೂ ಇಲ್ಲ, ಬನ್ನಿ ಅಜ್ಜಿ' ಅಂದ್ಲು, ಬಂದೆ. ಧಡ್ ಅಂತು. ಕೆಳಗೆ ಇಳಿದು ನೋಡಿ, 'ಕಲ್ಲು, ಏನೂ ಆಗಿಲ್ಲ' ಅಂದ್ಲು."

"ಇಳಿದು ನೋಡಿದ್ಲಾ?"

"ಹೂಂ. ಚೆನ್ನಾಗಿ ನೋಡಿದ್ಲು. ಆಮೇಲೇ 'ಇನ್ನೊಂಚೂರು ಹಿಂದೆ ಬನ್ನಿ' ಅಂದಿದ್ದು; ಇನ್ನೊಂದ್ಸಲ ಧಡ್ ಅಂತು."

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದು. ಮುದುಕಿ ಇಡೀ ದೇಹವನ್ನು ಆ ಕಡೆಗೆ ತಿರುಗಿಸಿದಳು. ಅವಳ ಮುಖ ಅರಳಿತು.

"ಅಗೋ, ಬಂದ್ಲಲ್ಲ! ಯಾಕಮ್ಮ, ಇಷ್ಟು ದಿನ ಈ ಕಡೆ ತಲೆನೇ ಹಾಕ್ಲಿಲ್ಲ? ನನ್ನ ಕತ್ತು ನೋಡು, ಕಬ್ಬಿಣ ಆಗಿದೆ."

ನಾದಿನಿ ಶೆಡ್ಡಿನ ಬಾಯಲ್ಲಿ ನಿಂತಿದ್ದಳು. ಅವಳ ನೋಟ ಮುದುಕಿಯ ಮೇಲಿರಲಿಲ್ಲ, ಡಾಕ್ಟರಿನ ಮೇಲಿರಲಿಲ್ಲ. ತೊಳೆದ ಮೂಲೆಯ ಮೇಲಿತ್ತು.

ಮಾಮನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವರು ಕಿವಿಗಿಟ್ಟು ಕೇಳಿ, ಕೈಯಿಂದ ಮುಚ್ಚಿ, ಯಾರ ಮುಖವನ್ನೂ ನೋಡದೆ ಹೇಳಿದರು: "ಆ ಠಾಣೆಯಿಂದ. ಲಾರಿಯೋನನ್ನ ಕರ್ಕೊಂಡು ಕೋರ್ಟಿಗೆ ಹೊರಟಿದ್ದಾರಂತೆ. ಏನ್ ಹೇಳ್ಲಮ್ಮ?"

ಹೂಂ ಎಂದರೆ ಒಂದು ಮನೆ ಮುರಿಯುತ್ತದೆ, ಬೇಡ ಎಂದರೆ ಇನ್ನೊಂದು. ಆ ಇನ್ನೊಂದು ಮನೆಯಲ್ಲಿ ಈಗ ಉಳಿದಿದ್ದವರು ಇಬ್ಬರೇ: ಬಾಟಲಿ ಮುಟ್ಟದೆ ಕುಡಿದೆ ಎನ್ನುವವಳು ಮತ್ತು ಅದನ್ನು ನಂಬಿದಂತೆ ನಟಿಸುವವಳು. ಇನ್ಸ್‌ಪೆಕ್ಟರ್ ತನ್ನ ಒಳಗೆ ಏನಾದರೂ ಅಲುಗೀತೆಂದು ಕಾದಳು. ಏನೂ ಅಲುಗಲಿಲ್ಲ. ಕೈ ಮಾತ್ರ ತಾನಾಗಿ ಮುಂದೆ ಬಂದು ಫೋನನ್ನು ತೆಗೆದುಕೊಂಡಿತು.

"ವ್ಯಾನ್ ನಿಲ್ಲಿಸಿ," ಎಂದಳು. "ಅವನಲ್ಲ. ಯಾರು ಅಂತ ಬಂದು ಹೇಳ್ತೀನಿ."

ಫೋನನ್ನು ಮಾಮನಿಗೆ ಹಿಂತಿರುಗಿಸಿ, ನಾದಿನಿಯ ಎದುರು ಹೋಗಿ ನಿಂತಳು. ಇಬ್ಬರ ನಡುವೆ ಒಂದು ಮಾರಿನಷ್ಟು ಅಂತರ.

"ಇಳಿದು ನೋಡಿದವಳು ಕಲ್ಲು ಅಂತ ಯಾಕೆ ಹೇಳಿದೆ?"

ನಾದಿನಿ ತಲೆಯೆತ್ತಿದಳು. ಅವಳ ಕಣ್ಣುಗಳಲ್ಲಿ ನೀರಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಕೈಕಾಲನ್ನು ಎತ್ತಿಸಿ ಇಳಿಸುವಾಗ ಬಳಸುವಂಥ, ಅವಸರವಿಲ್ಲದ ದನಿಯಲ್ಲಿ ಅವಳು ಹೇಳಿದಳು:

"ಮೊದಲನೇ ಸಲ ತಗಲಿದಾಗ ನಾನೂ ಕಲ್ಲು ಅಂತಲೇ ಅಂದ್ಕೊಂಡೆ, ಅತ್ತಿಗೆ."